ಖಾಲಿ ಕಾಲಿನ ಮೇಲೆ ಮೊದಲ ನೀರು

ಮೊಣಕಾಲಿನಿಂದ ಕೆಳಗೆ ಆಯಿಯ ಚರ್ಮ ನುಣ್ಣಗೆ, ಕೆಂಪಗೆ ಹೊಳೆಯುತ್ತಿತ್ತು. ಮುಖದ ತುಂಬ ಸುಕ್ಕು, ಕೈ ಒರಟು. ಕಾಲು ಮಾತ್ರ ಬೇರೆ ಯಾರದೋ ಎನ್ನುವ ಹಾಗೆ. ತಾಂಬಾ ಊರಿನ ನಮ್ಮ ಓಣಿಯ ಕೂಸುಗಳೆಲ್ಲ ಮಲಗಿ ಎದ್ದದ್ದು ಆ ಕಾಲುಗಳ ಮೇಲೆ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಂಡು, ಬಿಸಿನೀರು ಎರೆಯುವುದೇ ಆಕೆಯ ಕೆಲಸ; ಓಣಿಗೆಲ್ಲ ಆಕೆ ಆಯಿ. ನಾನೂ ಅಲ್ಲಿ ಮಲಗಿ ಕಿರುಚಿದವಳೇ ಅಂತೆ.

ಬಾಣಂತಿಯರಿಗೂ ಆಕೆಯೇ ಎರೆಯುತ್ತಿದ್ದಳು. ತಾಮ್ರದ ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ಧಗಧಗ ಉರಿಯಬೇಕು, ನೀರಿನಲ್ಲಿ ಬೇವಿನ ಸೊಪ್ಪು ಕುದಿಯಬೇಕು. ನೀರು ಆರಿತೋ, ಮನೆಯ ಯಜಮಾನನನ್ನೂ ಬಿಡುತ್ತಿರಲಿಲ್ಲ. "ನಿಮ್ಮ ಮನ್ಯಾಗ ಕಟಗಿಗೆ ಬರ ಬಂದೈತೇನ್ರಿ?" ಎಂದು ಬಚ್ಚಲಿನಿಂದಲೇ ಕೇಳುತ್ತಿದ್ದಳು. ಎಣ್ಣೆ ತಿಕ್ಕಿ, ಸೊಂಟದ ಮೇಲೆ ತಂಬಿಗೆ ತಂಬಿಗೆ ಸುರಿದಳೆಂದರೆ ಹೆರಿಗೆಯಲ್ಲಿ ಬಿಗಿದುಕೊಂಡ ಮೈಯೆಲ್ಲ ಸಡಿಲಾಗುತ್ತಿತ್ತು. ಆಮೇಲೆ ಕಂಬಳಿ ಹೊದ್ದು ಹೊರಸಿನ ಮೇಲೆ ಬಿದ್ದರೆ ನಿದ್ದೆ ಬಂದದ್ದೂ ಗೊತ್ತಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ, ತವರಿಗೆ ಬರುವ ಮುಂಚೆಯೇ, ಸಿಂದಗಿಯ ಗಂಡನ ಮನೆಯಲ್ಲಿ ನನಗೆ ದಿನ ತುಂಬದೆ ಹೆರಿಗೆಯಾಯಿತು. ಹೆಣ್ಣು ಕೂಸು. ಅದರ ಅಳು ನನಗೆ ಕೇಳಲಿಲ್ಲ. ಮುಖ ನೋಡಗೊಡದೆ ಬಟ್ಟೆಯಲ್ಲಿ ಸುತ್ತಿ ಒಯ್ದುಬಿಟ್ಟರು. ಅಪ್ಪ ಬಂದು ತಾಂಬಾಕ್ಕೆ ಕರೆತಂದರು. ನಾನು ಅಳಲಿಲ್ಲ, ಮಾತಾಡಲಿಲ್ಲ, ಅನ್ನ ಮುಟ್ಟಲಿಲ್ಲ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಹುಡುಗಿಗೆ ತಲೆ ಕೆಡುತ್ತದೆಂದು ಅವ್ವ ಹೆದರಿ ದೇವರ ಮುಂದೆ ಕೂತುಬಿಟ್ಟಿದ್ದಳು. ಆದರೂ ಆಯಿಯನ್ನು ಕರೆಸುವ ಯೋಚನೆ ಯಾರಿಗೂ ಬರಲಿಲ್ಲ.

ಆಯಿ ಕರೆಯದೆಯೇ ಬಂದಳು. ಸೀರೆ ಎತ್ತಿ ಕಟ್ಟಿ ಒಲೆಗೆ ಉರಿ ಹಚ್ಚಿದಳು. ಕೂಸಿಲ್ಲದ ಬಾಣಂತನ ಯಾಕೆಂದು ಅವ್ವ ಅಂಜುತ್ತಲೇ ಕೇಳಿದಳು.

"ಕೂಸು ಹೋತು ಖರೆ. ಬಾಣಂತಿ ಇಲ್ಲೇ ಅದಾಳಲ್ಲಬೇ."

ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಎದೆಗೆ ಒತ್ತಿದಳು. ಹಾಲು ತಾನಾಗಿಯೇ ಹರಿದು, ಬಚ್ಚಲ ನೀರಿನೊಡನೆ ಮೋರಿಗೆ ಹೋಯಿತು. ಅದನ್ನು ನೋಡುತ್ತ ಕೂತೆ. ಆಗಲೂ ಅಳು ಬರಲಿಲ್ಲ.

ನನಗೆ ಎರೆದು ಮುಗಿದ ಮೇಲೆ ಆಯಿ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಮಣೆ ಎಳೆದುಕೊಂಡು ಕೂತು, ಎಂದಿನಂತೆ ಕಾಲು ಚಾಚಿದಳು. ತಂಬಿಗೆ ಎತ್ತಿ ಆ ಖಾಲಿ ಕಾಲಿನ ಮೇಲೆ ಸಾವಕಾಶ ನೀರು ಹಾಕಿದಳು. ಹಬೆಯ ನಡುವೆ ನನಗೆ ಕಂಡದ್ದು ಆಕೆಯ ಎಡಗೈ. ಕೂಸಿನ ಕಣ್ಣಿಗೆ ನೀರು ಹೋಗದಂತೆ ಹಣೆಗೆ ಅಡ್ಡ ಹಿಡಿಯುತ್ತಾರಲ್ಲ, ಹಾಗೆ ಅಂಗೈ ಬಾಗಿಸಿ ಹಿಡಿದಿದ್ದಳು.

ಏನು ಮಾಡುತ್ತಿದ್ದೀಯೆಂದು ಕೇಳಿದೆ. ತವರಿಗೆ ಬಂದ ಮೇಲೆ ನಾನಾಡಿದ ಮೊದಲ ಮಾತು ಅದು.

"ಬಿಸಿ ನೋಡಾಕತ್ತೇನಿ, ತಂಗಿ."

ಬಿಸಿ ನೋಡಲು ಅಂಗೈ ಅಡ್ಡ ಹಿಡಿಯಬೇಕಾಗಿಲ್ಲ. ಒದ್ದೆ ನೆಲದ ಮೇಲೆಯೇ ಹೊರಳಿ ಅತ್ತೆ. ಆಯಿ ಹಂಡೆ ಬರಿದಾಗುವ ತನಕ ನನ್ನ ಬೆನ್ನಿಗೆ ನೀರು ಹಾಕುತ್ತಲೇ ಇದ್ದಳು. ಅಂದು ಮಧ್ಯಾಹ್ನ ನಾನು ರೊಟ್ಟಿ ತಿಂದೆ.

ಮುಂದೆ ಮಕ್ಕಳಾದವು. ಅವಕ್ಕೂ ಆಯಿಯೇ ಎರೆದಳು. ಕೂಸನ್ನು ಕೊಡಲು ಹೋದರೆ ತಡೆಯುತ್ತಿದ್ದಳು. ಮೊದಲ ತಂಬಿಗೆ ಖಾಲಿ ಕಾಲಿಗೆ, ಆಮೇಲೆ ಕೂಸು. ಬೇರೆ ಯಾರ ಮನೆಯಲ್ಲಿಯೂ ಆಕೆ ಹೀಗೆ ಮಾಡುವುದಿಲ್ಲವೆಂದು ಕೇಳಿ ತಿಳಿದುಕೊಂಡಿದ್ದೆ. ಒಮ್ಮೊಮ್ಮೆ ನನ್ನ ಮಡಿಲಲ್ಲಿದ್ದ ಕೂಸು ಅಳು ನಿಲ್ಲಿಸಿ ಆ ಕಾಲುಗಳ ಕಡೆಗೇ ನೋಡುತ್ತಿತ್ತು. ಹಬೆಯನ್ನು ನೋಡುತ್ತಿರಬೇಕೆಂದು ಅಂದುಕೊಳ್ಳುತ್ತಿದ್ದೆ.

ಆಯಿ ತೀರಿಕೊಂಡ ದಿನ ಸಿಂದಗಿಯಿಂದ ಓಡಿ ಬಂದೆ. ಮೈ ತೊಳೆಯಲು ಕಾಯಿಸಿದ ನೀರಿಗೆ ಯಾರೋ ತಣ್ಣೀರು ಬೆರೆಸಲು ಬಂದರು, ಬೇಡವೆಂದೆ. ಆರಿದ ನೀರು ಕಂಡರೆ ಆಗದವಳು ಆಕೆ. ಆ ನುಣುಪು ಕಾಲಿಗೆ ಬಿಸಿನೀರನ್ನು ನಾನೇ ಹಾಕಿದೆ.

ಈಗ ಮೊಮ್ಮಕ್ಕಳಿಗೆ ಎರೆಯುವವಳು ನಾನು. ಮೊದಲ ತಂಬಿಗೆ ಖಾಲಿ ಕಾಲಿಗೆ ಹಾಕಿಕೊಳ್ಳುತ್ತೇನೆ. ಮಗಳು ಕೇಳಿದರೆ ಬಿಸಿ ನೋಡುತ್ತಿದ್ದೇನೆ ಎನ್ನುತ್ತೇನೆ. ಎಡಗೈಯನ್ನು ಮಾತ್ರ ಬಾಗಿಸಿ ಅಡ್ಡ ಹಿಡಿದೇ ಇರುತ್ತೇನೆ. ಆ ಮೊದಲ ಕೂಸಿನ ಕಣ್ಣಿಗೆ ನೀರು ಹೋಗಬಾರದಲ್ಲ.