ಇಪ್ಪತ್ತೆರಡು ಟೈಲ್ ಉದ್ದ, ಹತ್ತು ಟೈಲ್ ಅಗಲ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸುದ್ದಿಯನ್ನು ಒಂದು ದಿನಪತ್ರಿಕೆಗೆ ಇಪ್ಪತ್ತೇಳು ವರ್ಷಗಳಿಂದ ಬರೆಯುತ್ತಿದ್ದೇನೆ. ಸುದ್ದಿ ಕೇಳಿದವರ ಬಳಿ ಉಪಕಾರ ಕೇಳಬಾರದು ಎಂಬ ನಿಯಮವನ್ನು ಅಷ್ಟೂ ವರ್ಷ ಇಟ್ಟುಕೊಂಡು ಬಂದಿದ್ದೇನೆ. ಇದರಿಂದ ಕೆಲಸಕ್ಕೆ ಎಂದೂ ತೊಂದರೆಯಾಗಿಲ್ಲ. ಮನೆಯಲ್ಲಿ ಆಗಿದೆ. ಹೆಂಡತಿ ಪಿಕಲ್‌ಬಾಲ್ ಆಡಲು ಜಾಗ ಹುಡುಕಿದ ಮಳೆಗಾಲದಲ್ಲಿ ಆದದ್ದೇ ದೊಡ್ಡದು.

ಅವಳು ಹುಲಗೋಳದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಆ ವರ್ಷ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ತಂಗಿಯ ಮನೆಗೆ ಹೋಗಿ, ಮೂರು ವಾರದಲ್ಲಿ ಈ ಆಟ ಕಲಿತು ಬಂದಳು. ಟೇಬಲ್ ಟೆನಿಸ್ ಬ್ಯಾಟಿಗಿಂತ ದೊಡ್ಡ ಹಲಗೆ, ಮೈತುಂಬ ತೂತಿರುವ ಹಗುರ ಪ್ಲಾಸ್ಟಿಕ್ ಚೆಂಡು, ಸೊಂಟದೆತ್ತರಕ್ಕೂ ಬಾರದ ಬಲೆ. ಬ್ಯಾಡ್ಮಿಂಟನ್ ಅಂಕಣದಷ್ಟೇ ಜಾಗ ಬೇಕು. ಬೆಂಗಳೂರಿನಲ್ಲಿ ಅಷ್ಟು ಜಾಗಕ್ಕೂ ಬಡಿದಾಟ. ರಜೆಯ ಕೊನೆಗೆ ಅವಳನ್ನು ಕರೆತರಲು ಹೋದ ನಾನು ಅದನ್ನು ಕಣ್ಣಾರೆ ನೋಡಿದೆ. ತಂಗಿ ಮೊಬೈಲಿನಲ್ಲಿ ಮೂರು ಕಡೆ ಹುಡುಕಿದಳು. ಎರಡು ಕಡೆ ಭರ್ತಿ. ಮೂರನೆಯ ಕಡೆ ಖಾಲಿ ಇದ್ದದ್ದು ಪ್ಯಾಡಲ್ ಎಂಬ ಇನ್ನೊಂದು ಆಟದ ಗಾಜಿನ ಗೋಡೆಯ ಅಂಕಣ, ನಮಗೆ ಬೇಕಾದದ್ದಲ್ಲ. ಕೊನೆಗೆ ಸಿಕ್ಕ ಒಂದು ತಾಸಿಗೆ ನಗರವನ್ನು ಅರ್ಧ ದಾಟಿದೆವು. ಆಡುತ್ತಿದ್ದಾಗಲೇ ಮುಂದಿನ ತಾಸಿನವರು ಬಾಗಿಲಲ್ಲಿ ಶೂ ಕಟ್ಟುತ್ತ ನಿಂತಿದ್ದರು.

ಹಿಂದಿರುಗುವಾಗ ತಂಗಿ ಕಾರಿನಲ್ಲಿ ಕೆಣಕಿದಳು: "ಅಕ್ಕಾ, ಇಲ್ಲೇ ಹಿಂಗಾದ್ರೆ ಶಿರಸಿಲಿ ನೀನು ಎಂತ ಮಾಡ್ತೆ? ಮಳೆಗಾಲದಲ್ಲಿ ಚೆನ್ನೆಮಣೆಯಾ?"

"ಆಷಾಢದಲ್ಲಿ ಬಾ," ಎಂದಳು ನನ್ನ ಹೆಂಡತಿ. "ನಮ್ಮಲ್ಲಿ ಸರದಿ ಕಾಯದು ಹೇಳೇ ಇಲ್ಲೆ."

ತಂಗಿ ಅಲ್ಲೇ ದಿನ ಗೊತ್ತುಮಾಡಿದಳು. ತನ್ನ ಜೊತೆ ಆಡುವ ಗೆಳತಿಯನ್ನೂ ಕರೆತರುವುದಾಗಿ ಹೇಳಿದಳು. ನಮ್ಮಲ್ಲಿ ಅಂಕಣವೇ ಇರಲಿಲ್ಲ. ಕಾರಿನಲ್ಲಿ ಅದನ್ನು ಬಲ್ಲವರು ನಾವಿಬ್ಬರೇ.

ಊರಿಗೆ ಬಂದ ಮೇಲೆ ಹುಡುಕಾಟ ಶುರುವಾಯಿತು. ಅವಳದೇ ಶಾಲೆಯ ಇನ್ನೊಬ್ಬ ಶಿಕ್ಷಕಿ ಜೊತೆಗಾರ್ತಿಯಾಗಲು ಒಪ್ಪಿದರು. ಶಿರಸಿಯ ಬ್ಯಾಡ್ಮಿಂಟನ್ ಹಾಲ್‌ನಲ್ಲಿ ಸದಸ್ಯರೇ ಸರದಿಯಲ್ಲಿದ್ದರು. ಸಿದ್ದಾಪುರದ ಒಂದು ಸಭಾಭವನದಲ್ಲಿ ನಡುವೆಯೇ ಕಂಬ. ಯಲ್ಲಾಪುರದಲ್ಲಿ ಒಂದು ಗೋದಾಮು ಅಳತೆಗೆ ಸರಿಯಿತ್ತು, ಆದರೆ ಅರ್ಧ ಅಡಿಕೆ ಚೀಲ. ಹೆಗಡೆಕಟ್ಟಾದಲ್ಲಿ ಕಂಡ ಮಾಳಿಗೆಗೆ ಮಾಡು ತಗ್ಗು, ಚೆಂಡೆತ್ತಿದರೆ ತಗಡಿಗೆ ಬಡಿಯುತ್ತಿತ್ತು. ಎಲ್ಲ ಕಡೆ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಹೋದೆ, ಅಳತೆಯ ಟೇಪಿನ ಒಂದು ತುದಿ ಹಿಡಿದೆ. ನಿಯಮದಂತೆ ಯಾರ ಬಳಿಯೂ ಉಪಕಾರ ಕೇಳಲಿಲ್ಲ.

ಜೂನ್ ಕೊನೆಯಲ್ಲಿ ತೀರಿಕೊಂಡ ಸಂಬಂಧಿಕರೊಬ್ಬರ ವರ್ಷಾಂತಿಕದ ಊಟ ಶಿರಸಿಯ ಒಂದು ಕಲ್ಯಾಣ ಮಂಟಪದಲ್ಲಿತ್ತು. ಮೇಜುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆಯೇ ಪಂಕ್ತಿ ಹಾಕಿದ್ದರು. ಎದುರು ಸಾಲಿನಲ್ಲಿ ಕೂತ ಹೆಂಡತಿ ಊಟ ಬಿಟ್ಟು ನೆಲವನ್ನೇ ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು. ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡೆ. ಪಂಕ್ತಿ ಏಳುವ ಹೊತ್ತಿಗೆ ಅವಳು ಎದ್ದವಳೇ ಎಂಜಲು ಕೈಯಲ್ಲೇ ನನ್ನ ಬಳಿ ಬಂದಳು.

"ನಿಂಗ ಏಳದು ಬೇಡ. ಅಲ್ಲೇ ಕೂರಿ."

"ಎಂತಕ್ಕೆ?"

"ನಿಂಗ ಕೂತಿದ್ದು ಇಪ್ಪತ್ತೆರಡನೇ ಟೈಲು. ಎದ್ರೆ ಲೆಕ್ಕ ತಪ್ಪುತ್ತು."

ಎಲ್ಲರೂ ಒಟ್ಟಿಗೆ ಎದ್ದ ಸಾಲಿನಲ್ಲಿ ಖಾಲಿ ಎಲೆಯ ಮುಂದೆ ನಾನೊಬ್ಬನೇ ಉಳಿದೆ. ಬಡಿಸುತ್ತಿದ್ದವರೊಬ್ಬರು ಪಾತ್ರೆ ಹಿಡಿದು ಬಂದರು. "ಪಂಕ್ತಿ ಎದ್ದಾತು ಮಾರಾಯ್ರೆ, ನಿಂಗಕ್ಕೆ ಇನ್ನೂ ಪಾಯಸ ಬೇಕಾ?" ಅಷ್ಟರಲ್ಲಿ ಅವಳು ಆ ಕಡೆ ಗೋಡೆಯ ಬಳಿ ಜಾಗ ಬಿಟ್ಟು ಟೈಲು ಎಣಿಸಿ ಮುಗಿಸಿದ್ದಳು. ಎರಡಡಿಯ ಟೈಲುಗಳು. ಇಪ್ಪತ್ತೆರಡು ಉದ್ದ, ಹತ್ತು ಅಗಲ ಹಿಡಿದರೆ ನಲವತ್ತನಾಲ್ಕಕ್ಕೆ ಇಪ್ಪತ್ತು ಅಡಿ, ಇಂಚೂ ವ್ಯತ್ಯಾಸವಿಲ್ಲ. ಸುತ್ತ ಓಡಾಡಲೂ ಜಾಗ. ನಡುವೆ ಕಂಬವಿಲ್ಲ. ಮುಖ್ಯ ಸಂಗತಿಯನ್ನು ಬೈಕ್ ಹತ್ತುವಾಗ ಹೇಳಿದಳು: ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಹೊರಗೆ ಆಡಲಾಗದ ತಿಂಗಳಲ್ಲೇ ಊರಿನ ಊಟದ ಹಾಲ್‌ಗಳೆಲ್ಲ ಖಾಲಿ. ಮೂರು ತಾಲ್ಲೂಕು ಸುತ್ತಿ ಬರೆದವನಿಗೆ ಇದು ಹೊಳೆದಿರಲಿಲ್ಲ.

ಮರುದಿನವೇ ಮಂಟಪದ ವ್ಯವಸ್ಥಾಪಕರನ್ನು ಕಂಡೆವು. ಬನವಾಸಿ ಕಡೆಯವರು, ನನಗೆ ಹತ್ತು ವರ್ಷದ ಪರಿಚಯ.

"ಬರ್ರಿ, ಕೂಡ್ರಿ," ಎಂದವರು ವಿಷಯ ಕೇಳಿ ಹುಬ್ಬೇರಿಸಿದರು. "ಊಟದ ಹಾಲ್‌ನ್ಯಾಗ ಚೆಂಡು ಬಡಿಯೂದಂದ್ರ ಹೆಂಗ್ರಿ ಅಕ್ಕೋರ? ಕಮಿಟಿಯವ್ರು ನನಗ ಬಡೀತಾರ." ನನ್ನ ಕಡೆ ತಿರುಗಿದರು. "ಸಾಹೇಬ್ರು ಒಂದ್ ಮಾತು ಹೇಳಿದ್ರ ಬ್ಯಾರೆ ಮಾತು."

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಬರೀ ಉದಾಸೀನವೆಂದು ಅವರು ತಿಳಿದಿರಬಹುದು. ಕೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದು ನಿಜ.

"ಅವರ ಮಾತು ಬೇಡ," ಎಂದಳು ಹೆಂಡತಿ. ಚೀಲದಿಂದ ಚೆಂಡು ತೆಗೆದು ಅವರ ಕೈಗಿಟ್ಟಳು. "ನಿಮ್ಮ ಟೈಲಿಗೆ ನೀವೇ ಹೊಡೆದು ನೋಡಿ."

ಅವರು ಒತ್ತಿ ನೋಡಿದರು, ತೂತಿನೊಳಗೆ ಇಣುಕಿದರು. "ಇದು ಹೊಡ್ಯಾಕ ಅಲ್ರಿ, ಅಕ್ಕಿ ಗಾಳಸಾಕ ಬರ್ತೈತಿ!" ಎನ್ನುತ್ತಲೇ ನೆಲಕ್ಕೆ ಕುಕ್ಕಿದರು. ಟಕ್ಕೆಂದು ಎದ್ದು ಬಂತು. ಗೋಡೆಗೆ ಎಸೆದರು, ಗುರುತೂ ಮೂಡಲಿಲ್ಲ. ಆಮೇಲೆ ಹಲಗೆ ಕೇಳಿ ತಗೊಂಡರು. ಕಾಲು ತಾಸಿನ ನಂತರ ಅವರಿಂದ ಅದನ್ನು ವಾಪಸು ಪಡೆಯುವುದೇ ಕಷ್ಟವಾಯಿತು.

ಅನ್ನ ಬಡಿಸುವ ನೆಲ, ಚಪ್ಪಲಿ ಶೂ ಕೂಡದು, ಬರಿಗಾಲು. ಆಡಿದ ಮೇಲೆ ನೀವೇ ಒರೆಸಬೇಕು. ಯಾರದಾದರೂ ಕಾರ್ಯ ಬಂದರೆ ಅದು ಮೊದಲು. ಇವು ಅವರ ಷರತ್ತು. ಎಲ್ಲಕ್ಕೂ ಅವಳು ಹೂಂ ಅಂದಳು. ದಾರಿಯಲ್ಲಿ ಮಾತ್ರ ನನ್ನ ಬೆನ್ನಿಗೆ ಗುದ್ದಿದಳು. "ಒಂದು ಮಾತು ಹೇಳಿದ್ರೆ ನಿಂಗಳ ಪೇಪರ್ ಹರಿದು ಹೋಗ್ತಿತ್ತಾ?"

ಗೆರೆಗಳನ್ನು ಶೇಡಿಯಲ್ಲಿ ಎಳೆದಳು. ಗೋಡೆಗೆ ಹಸೆಚಿತ್ರ ಬರೆಯುವ ಆ ಬಿಳಿ ಮಣ್ಣನ್ನು ಕಲಸಿ ಬಟ್ಟೆ ಅದ್ದಿ ಎಳೆದರೆ ಒಣಗಿ ನಿಲ್ಲುತ್ತದೆ, ಒದ್ದೆ ಬಟ್ಟೆಗೆ ಹೋಗುತ್ತದೆ. ಮದುವೆಯ ಹೂವಿನ ಅಲಂಕಾರದ ಎರಡು ಕಬ್ಬಿಣದ ಕಂಬಗಳ ನಡುವೆ ನರ್ಸರಿಯ ಹಸಿರು ನೆರಳುಬಲೆ ಬಿಗಿದಳು. ಎರಡು ವಾರ ಸಂಜೆಗಳಲ್ಲಿ ಶಿಕ್ಷಕಿಯರಿಬ್ಬರೂ ಸೀರೆ ಬಿಟ್ಟು ಚೂಡಿದಾರದಲ್ಲಿ, ಬರಿಗಾಲಲ್ಲಿ ಆಡಿದರು.

ತಂಗಿ, ಅವಳ ಗೆಳತಿ ಶನಿವಾರ ಬೆಳಿಗ್ಗೆ ಬಂದಿಳಿದರು. ಕಾಫಿ ಕುಡಿಯುವಾಗಲೇ ವ್ಯವಸ್ಥಾಪಕರ ಫೋನ್: ಯಾರದೋ ಹದಿಮೂರನೇ ದಿನದ ಊಟ ತುರ್ತಾಗಿ ಬಂದಿದೆ, ಇವತ್ತು ಹಾಲ್ ಇಲ್ಲ.

"ಅಂದ್ರೆ ನಿಂಗಳಲ್ಲೂ ಬುಕಿಂಗ್!" ತಂಗಿ ಚಪ್ಪಾಳೆ ತಟ್ಟಿ ನಕ್ಕಳು. "ಭಾವಾ, ಇದನ್ನು ಪೇಪರಿಗೆ ಹಾಕಿ."

ಹೆಂಡತಿಯ ಮುಖ ನೋಡಿದೆ. ಅಷ್ಟೂ ವರ್ಷಗಳಲ್ಲಿ ಮೊದಲ ಸಲ ಉಪಕಾರ ಕೇಳಲೆಂದು ಫೋನ್ ಕೈಗೆತ್ತಿಕೊಂಡೆ. ಇನ್ನೊಂದು ಮಂಟಪದ ಯಜಮಾನರ ನಂಬರ್ ನನ್ನಲ್ಲಿತ್ತು. ಅವಳು ಫೋನ್ ಕಸಿದು ಮೇಜಿನ ಮೇಲಿಟ್ಟಳು. "ಬೇಡ. ಊಟ ಎಷ್ಟು ಹೊತ್ತು ಇರ್ತು? ಮೂರು ಗಂಟೆಗೆ ಪಂಕ್ತಿ ಏಳ್ತು."

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಅವಳು, ಜೊತೆಗಾರ್ತಿ ಬಂದರು. ಮೂರಕ್ಕೆ ನಾವು ಐವರೂ ಮಂಟಪದ ಹಿಂಬಾಗಿಲಲ್ಲಿದ್ದೆವು. ಎಲೆ ತೆಗೆದಾಗಿತ್ತು, ನೆಲ ಒರೆಸುವವರು ಆಗಷ್ಟೇ ಊಟಕ್ಕೆ ಕೂತಿದ್ದರು. ಹೆಂಡತಿ ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಬಕೆಟ್ ಎತ್ತಿದಳು. ಜೊತೆಗಾರ್ತಿ ಇನ್ನೊಂದು. ತಂಗಿ ತನ್ನ ದುಬಾರಿ ಶೂ ಬಿಚ್ಚಿ ಗೋಡೆಗೆ ಒರಗಿಸಿ, ಬಟ್ಟೆ ಹಿಂಡಿದಳು. ನೀರು ನಾನು ತಂದೆ. ನಾಲ್ಕೂವರೆಗೆ ನೆಲ ಒಣಗಿ, ಐದಕ್ಕೆ ಶೇಡಿಯ ಗೆರೆ ಬಿತ್ತು.

ಮೊದಲೆರಡು ಆಟ ಬೆಂಗಳೂರಿನವರು ಗೆದ್ದರು. ಮೊದಲನೆಯದರಲ್ಲಿ ನಮ್ಮವರಿಗೆ ನಾಲ್ಕೇ ಅಂಕ. ಎರಡನೆಯದರ ಕೊನೆಯ ಚೆಂಡು ನನ್ನ ಹೆಂಡತಿಯ ಹಿಂದೆ ಗೆರೆಯ ಮೇಲೆ ಬಿತ್ತು. ಎದುರಿನವರಿಗೆ ಕಾಣದು, ಒಳಗೋ ಹೊರಗೋ ಹೇಳಬೇಕಾದವಳು ಅವಳೇ. "ಒಳಗೇ ಬಿದ್ದಿದ್ದು," ಎಂದು ಸೋಲೊಪ್ಪಿದಳು. ಶೇಡಿಯ ಮೇಲೆ ಚೆಂಡಿನ ಗುರುತನ್ನು ನಾನು ಕಂಡಿದ್ದೆ. ಮೂರನೆಯದನ್ನು ಹನ್ನೊಂದಕ್ಕೆ ಎಂಟರಲ್ಲಿ ನಮ್ಮವರು ಗೆದ್ದರು. ನಯವಾದ ಟೈಲಿನ ಮೇಲೆ ಚೆಂಡು ಜಾರಿ ಬರುವ ರೀತಿ ಅವರ ಬರಿಗಾಲಿಗೆ ಅಷ್ಟು ದಿನದಲ್ಲಿ ತಿಳಿದಿತ್ತು. ಆಮೇಲೆ ವ್ಯವಸ್ಥಾಪಕರು ಪ್ಯಾಂಟ್ ಮಡಚಿ ಒಳಗೆ ಬಂದರು. ಎಷ್ಟು ಆಟವಾಯಿತೆಂದು ನಾನು ಎಣಿಸುವುದನ್ನು ಬಿಟ್ಟೆ.

ಈ ಸುದ್ದಿಯನ್ನು ಪತ್ರಿಕೆಗೆ ಬರೆಯಲಿಲ್ಲ; ಸ್ವಂತ ಮನೆಯವರ ಸುದ್ದಿ ಬರೆಯುವುದಿಲ್ಲವೆಂಬುದೂ ನಿಯಮ. ಆದರೆ ಮೂರು ತಾಲ್ಲೂಕಿನಲ್ಲಿ ನಾನು ಕಂಡ ಕೆಲಸಗಳಲ್ಲಿ ಇದಕ್ಕೆ ಮೊದಲ ಪುಟದ ಜಾಗ ಸಲ್ಲುತ್ತಿತ್ತು ಎಂದು ಇಲ್ಲಿ ಬರೆದಿಡಲು ಅಡ್ಡಿಯಿಲ್ಲ.

ಬಾಗಿಲು ಹಾಕುವ ಮೊದಲು ವ್ಯವಸ್ಥಾಪಕರು ಕೇಳಿದರು: "ನಾಳೆ ಎಷ್ಟಕ್ಕ ಬರ್ತೀರ್ರಿ ಅಕ್ಕೋರ?"

ಹೆಂಡತಿ ತಂಗಿಯ ಕಡೆ ನೋಡಿದಳು. ಮರುದಿನ ಬೆಳಿಗ್ಗೆ ಹತ್ತರ ಬೆಂಗಳೂರು ಬಸ್ಸಿಗೆ ತಂಗಿ, ಗೆಳತಿ ಇಬ್ಬರ ಸೀಟೂ ಕಾದಿರಿಸಿ ಆಗಿತ್ತು.

ತಂಗಿ ಮಂಡಿಯೂರಿ ಶೇಡಿಯ ಗೆರೆ ಒರೆಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಹನ್ನೊಂದಕ್ಕೆ."