ಅಮೀನನಿಲ್ಲದ ನ್ಯಾಯಾಲಯ

ಯಲಹಂಕದ ಆಚೆ ಒಂದು ಕಾನೂನು ಕಾಲೇಜಿನಲ್ಲಿ ನಾನು ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತೇನೆ. ಹುಟ್ಟಿದ್ದು ಬಾಗಲಕೋಟೆ ಕಡೆ. ಪಾಸ್‌ಪೋರ್ಟ್ ಮಾಡಿಸಿದ್ದು ನಲವತ್ತು ದಾಟಿದ ಮೇಲೆ. ಅದರಲ್ಲಿ ಇವತ್ತಿಗೂ ಒಂದು ಮುದ್ರೆಯೂ ಬಿದ್ದಿಲ್ಲ. ಆದರೂ ವಾರಕ್ಕೆ ಐದು ದಿನ ದೇಶದೇಶಗಳ ಗಡಿ, ನದಿ, ದ್ವೀಪಗಳ ಜಗಳವನ್ನು ಬಗೆಹರಿಸುತ್ತ ಬಂದಿದ್ದೇನೆ. ವಾಯುಪಡೆಯ ವಿಮಾನಗಳು ನೆತ್ತಿಯ ಮೇಲೆ ಹಾದುಹೋಗುವಾಗ ಮಾತ್ರ ಬಲಪ್ರಯೋಗ ನಿಷೇಧದ ಪಾಠವನ್ನು ಅರ್ಧ ನಿಮಿಷ ನಿಲ್ಲಿಸಬೇಕಾಗುತ್ತದೆ. ಆ ಸದ್ದಿನಲ್ಲಿ ನನ್ನ ಮಾತು ಕೊನೆಯ ಬೆಂಚಿಗೆ ಕೇಳುವುದಿಲ್ಲ.

ನನ್ನ ನೋಟ್ಸಿನಲ್ಲಿ ಒಂದು ಪ್ರಕರಣ ಬಹಳ ವರ್ಷಗಳಿಂದ ಇತ್ತು. ದೂರದ ಎರಡು ದೇಶಗಳು ಒಂದು ಸಣ್ಣ ಊರಿಗಾಗಿ ಯುದ್ಧ ಮಾಡಿದವು, ದಣಿದವು, ನ್ಯಾಯಕ್ಕೆ ಹೋದವು. ತೀರ್ಪು ಏನೇ ಬರಲಿ ಒಪ್ಪುತ್ತೇವೆ ಎಂದು ಮೊದಲೇ ಸಹಿ ಹಾಕಿದವು. ತೀರ್ಪು ಬಂತು, ಊರು ಒಂದು ದೇಶದ ಪಾಲಿಗೆ ಹೋಯಿತು. 'ಅಂತಿಮ ಮತ್ತು ಬದ್ಧ' ಎಂಬ ಪದಗಳಿಗೆ ಕೆಂಪು ಗೆರೆ ಎಳೆದು ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಒಂದು ವರ್ಷ ಕಾಲೇಜಿನ ಅಣಕು ನ್ಯಾಯಾಲಯ ಸ್ಪರ್ಧೆಗೆ ಪ್ರಶ್ನೆ ಬರೆಯುವ ಕೆಲಸ ನನಗೆ ಬಿತ್ತು. ಹೊಸದಾಗಿ ಯೋಚಿಸಲು ಪುರುಸೊತ್ತಿರಲಿಲ್ಲ. ಅದೇ ಪ್ರಕರಣವನ್ನು ತೆಗೆದುಕೊಂಡು ದೇಶಗಳ ಹೆಸರು ಬದಲಾಯಿಸಿದೆ, ಒಂದು ನಕ್ಷೆ ಬರೆದೆ, ಊರಿನ ನಡುವೆ ಶಾಲೆ, ಪಕ್ಕಕ್ಕೊಂದು ಬಾವಿ ಇಟ್ಟೆ. ತೀರ್ಪು ಬಂದಿರುವುದನ್ನು ಬಚ್ಚಿಟ್ಟೆ. ಎಲ್ಲ ಕಾಲ್ಪನಿಕ ಎಂದು ಕೆಳಗೆ ಷರಾ ಹಾಕಿದೆ.

ಪ್ರಶ್ನೆ ಹಂಚಿದ ಮಧ್ಯಾಹ್ನವೇ ಒಬ್ಬ ವಿದ್ಯಾರ್ಥಿನಿ ನನ್ನ ಕೋಣೆಗೆ ಬಂದಳು. ನಮ್ಮ ತರಗತಿಯಲ್ಲಿ ಹೊರದೇಶದವರು ಇಬ್ಬರಿದ್ದರು, ಒಬ್ಬಳು ಹುಡುಗಿ, ಒಬ್ಬ ಹುಡುಗ. ಇಬ್ಬರನ್ನೂ ನಾನು 'ಫಾರಿನ್ ಕೋಟಾ' ಎಂದಷ್ಟೇ ತಿಳಿದಿದ್ದೆ. ದೇಶ ಯಾವುದೆಂದು ಕೇಳಿರಲಿಲ್ಲ. ಅವಳು ನಕ್ಷೆಯನ್ನು ಮೇಜಿನ ಮೇಲೆ ಹರವಿ, ಬೆರಳಿಟ್ಟು ಹೇಳಿದಳು:

"ಮೇಡಂ, ಬಾವಿ ಈ ಕಡೆ ಇಲ್ಲ. ಶಾಲೆಯ ಹಿಂದೆ ಇದೆ."

"ಇದು ಕಲ್ಪನೆಯ ಊರಮ್ಮ," ಎಂದೆ.

"ನಮ್ಮ ಅಜ್ಜಿಯ ಮನೆ ಆ ಬಾವಿಯ ಪಕ್ಕದಲ್ಲೇ ಇದೆ," ಎಂದಳು.

ಅವಳ ದೇಶ ಯಾವುದೆಂದು ಆಗ ಕೇಳಿದ ನಾನು ನೋಟ್ಸ್ ತೆಗೆದು, ಆ ಊರು ನಿಮ್ಮ ದೇಶಕ್ಕೇ ಸಿಕ್ಕಿತಲ್ಲ ಎಂದು ಸಮಾಧಾನ ಹೇಳಿದೆ. ಅವಳು ನನ್ನ ಕೆಂಪು ಗೆರೆಯ ಪದಗಳನ್ನು ಓದಿ ನಕ್ಕಳು. ತೀರ್ಪಿನ ಸುದ್ದಿಯನ್ನು ಅಜ್ಜಿ ರೇಡಿಯೋದಲ್ಲಿ ಕೇಳಿದ್ದಳಂತೆ. ಗೆದ್ದೆವೆಂದು ನೆರೆಹೊರೆಗೆಲ್ಲ ಕಾಫಿ ಮಾಡಿ ಹಂಚಿದಳಂತೆ, ನಿರಾಶ್ರಿತರ ಡೇರೆಯಲ್ಲಿ. ಊರಿನಲ್ಲಿ ಆಚೆ ದೇಶದ ಸೈನಿಕರು ಕೂತಿದ್ದರು. ತೀರ್ಪು ಬಂದ ಮೇಲೂ ಎದ್ದಿರಲಿಲ್ಲ. ಅಜ್ಜಿ ಡೇರೆಯಲ್ಲೇ ಸತ್ತಳು.

ನಮ್ಮ ತರಗತಿಯ ಆ ಇನ್ನೊಬ್ಬ ಹುಡುಗನ ದೇಶವನ್ನೂ ವಿಚಾರಿಸಿದೆ. ಅವನು ಆಚೆ ದೇಶದವನೇ. ಅವನ ಅಣ್ಣ ಸೈನಿಕನಾಗಿ ಅದೇ ಊರಿನಲ್ಲಿ ಎರಡು ವರ್ಷ ಕಾವಲಿದ್ದು, ಒಂದು ಕಾಲು ಕಳೆದುಕೊಂಡು ಮನೆಗೆ ಬಂದಿದ್ದ. ಇಬ್ಬರೂ ಯಲಹಂಕದ ಪಕ್ಕದ ಕೋಗಿಲಿನಲ್ಲಿ ಒಂದೇ ಮನೆಯ ಬಾಡಿಗೆದಾರರು, ಅವಳು ಮಹಡಿಯಲ್ಲಿ, ಅವನು ಕೆಳಗೆ. ಮೂರು ವರ್ಷದಲ್ಲಿ ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ.

ಪಕ್ಷಗಳನ್ನು ಚೀಟಿ ಎತ್ತಿ ಆಗಲೇ ಹಂಚಿಬಿಟ್ಟಿದ್ದೆವು. ಅವಳು ಅವನ ದೇಶದ ಪರ ವಾದಿಸಬೇಕು, ಅವನು ಅವಳ ದೇಶದ ಪರ. ಬದಲಾಯಿಸುತ್ತೇನೆಂದು ಇಬ್ಬರಿಗೂ ಹೇಳಿದೆ. ಇಬ್ಬರೂ ಬೇಡವೆಂದರು. ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿದ್ದು ಅವರು ಓಡಿ ಬಂದರು.

"ಮೇಡಂ, ಇದು ಇಂಟರ್‌ನ್ಯಾಷನಲ್ ಇಶ್ಯೂ ಆಗ್ಬಾರ್ದು ಕಣ್ರೀ."

"ಸರ, ನಾ ಕಲಿಸೋ ವಿಷಯದ ಹೆಸರೇ ಅದರಿ," ಎಂದೆ.

ಸ್ಪರ್ಧೆಯ ದಿನ ನ್ಯಾಯಪೀಠದಲ್ಲಿ ಕೂತವರು ಒಬ್ಬ ನಿವೃತ್ತ ಸಿವಿಲ್ ನ್ಯಾಯಾಧೀಶರು. ತಾಲೂಕು ಕೋರ್ಟುಗಳಲ್ಲಿ ಬದುವಿನ ದಾವೆ, ಪಾಲಿನ ದಾವೆ ಕೇಳಿ ಕೂದಲು ನೆರೆತವರು. ಹುಡುಗ ಎದ್ದು ನಿಂತು, ವಸಾಹತು ಕಾಲದ ಒಪ್ಪಂದಗಳನ್ನು ಓದುತ್ತ, ಊರು ಅವಳ ದೇಶದ್ದೆಂದು ಶ್ರದ್ಧೆಯಿಂದ ವಾದಿಸಿದ. ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿ, "ಅದೆಲ್ಲ ಸರಿ. ಸರ್ವೇ ಕಲ್ಲು ಎಲ್ಲಿದೆ? ಸ್ವಾಧೀನ ಯಾರದು?" ಎಂದು ಕೇಳಿದರು. ಅವನು ತಡವರಿಸಿದ. ಅವಳು ಆ ಪ್ರಶ್ನೆಯನ್ನೇ ಹಿಡಿದುಕೊಂಡಳು. ಬಹಳ ಕಾಲದಿಂದ ಅಲ್ಲಿ ನಿಂತವರು ಯಾರು, ಶಾಲೆಗೆ ಮೇಷ್ಟರನ್ನು ಕಳಿಸಿದವರು ಯಾರು, ಕಂದಾಯ ವಸೂಲಿ ಮಾಡಿದವರು ಯಾರು ಎಂದು ಒಂದೊಂದೇ ಬಿಡಿಸಿ ಹೇಳಿದಳು. ಬಾವಿ ತೋಡಿದವರು ಯಾರೆಂದೂ ಹೇಳಿದಳು. ಅದು ನಾನು ಬರೆದ ಪ್ರಶ್ನೆಯಲ್ಲಿ ಇರಲೇ ಇಲ್ಲ. ಅವಳ ದನಿ ಒಮ್ಮೆಯೂ ನಡುಗಲಿಲ್ಲ.

ಅವಳು ಗೆದ್ದಳು. ನಿಜವಾದ ನ್ಯಾಯಾಲಯ ಅವಳ ದೇಶಕ್ಕೆ ಕೊಟ್ಟಿದ್ದ ಊರನ್ನು ಅವಳು ನಮ್ಮ ಸೆಮಿನಾರ್ ಹಾಲಿನಲ್ಲಿ ನಲವತ್ತು ನಿಮಿಷದಲ್ಲಿ ಆಚೆ ದೇಶಕ್ಕೆ ಬಿಡಿಸಿಕೊಟ್ಟಳು. ಹುಡುಗ ಎದ್ದು ಬಂದು ಕೈಕುಲುಕಿ, "ನನ್ನ ದೇಶ ನಿನಗೆ ಋಣಿ," ಎಂದ. ಅವರಿಬ್ಬರ ಮೊದಲ ಮಾತು ಅದು.

ಕಪ್ ಕೊಡಲು ಬಂದ ಮುಖ್ಯ ಅತಿಥಿ ಅವರಿಬ್ಬರ ಮನೆಯ ಮಾಲೀಕರೇ. ಕೋಗಿಲಿನ ಹಳೆಯ ಒಕ್ಕಲು ಮನೆತನ, ಈಗ ಸಾಲಾಗಿ ಕಟ್ಟಡಗಳು. ಕಾಲೇಜಿನ ಆಟದ ಮೈದಾನ ಒಂದು ಕಾಲಕ್ಕೆ ಅವರ ರಾಗಿ ಹೊಲವಾಗಿತ್ತು, ಹಾಗಾಗಿ ಪ್ರತಿ ಸಮಾರಂಭಕ್ಕೂ ಅವರನ್ನು ಕರೆಯುತ್ತೇವೆ. ಇಂಗ್ಲಿಷಿನ ವಾದವೆಲ್ಲ ಮುಗಿದು ಟೀ ಕುಡಿಯುವಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಮ್ಮೋರೆ, ಏನ್ ವ್ಯಾಜ್ಯ ಇದು? ಇಬ್ರೂ ನಮ್ಮನೆ ಮಕ್ಳೇ ಅಲ್ವಾ?"

ನಾನು ನಡೆದ ಕಥೆಯನ್ನೆಲ್ಲ ಹೇಳಿದೆ, ನಿಜವಾದ ತೀರ್ಪು, ಏಳದೆ ಕೂತ ಸೈನಿಕರು, ಡೇರೆಯ ಅಜ್ಜಿ. ಅವರು ಲೋಟ ಕೆಳಗಿಟ್ಟರು.

"ಇಂಗಾ ಸಮಾಚಾರ? ಅಂಗಾದ್ರೆ ನಮ್ದೂ ಅದೇ ಕತೆ. ನಮ್ ದೊಡ್ಡಪ್ಪನ್ ಮಗನ್ ಮೇಲೆ ಐಕೋರ್ಟ್‌ಗಂಟ ಓಗಿ ಗೆದ್ದಿವ್ನಿ. ಡಿಕ್ರಿ ನನ್ತಾವ ಐತೆ, ಜಾಗ ಅವನ್ತಾವ ಐತೆ. ಆದ್ರೂ ನಮ್ಗೆ ಕೋರ್ಟಿಂದ ಒಬ್ಬ ಅಮೀನ ಬತ್ತಾನೆ, ಗೇಟ್ ತಂಕ ಬಂದು ವಾಪಸ್ ಓಯ್ತಾನೆ. ನಿಮ್ ಇಂಟರ್‌ನ್ಯಾಷನಲ್ ಕೋರ್ಟ್‌ಗೆ ಅಮೀನ ಇಲ್ವಾ?"

"ಇಲ್ಲರಿ," ಎಂದೆ.

"ಒಬ್ನೂ?"

"ಒಬ್ಬನೂ ಇಲ್ಲರಿ."

ಅವರು ನನ್ನನ್ನು ನಿಜವಾದ ಮರುಕದಿಂದ ನೋಡಿದರು. ಹತ್ತಿರ ನಿಂತಿದ್ದ ಹುಡುಗಿ ಏನೆಂದು ಕೇಳಿದಳು. ತೀರ್ಪನ್ನು ಜಾರಿ ಮಾಡಿಸಲು ಬರುವ ಕೋರ್ಟಿನ ಸೇವಕನೇ ಅಮೀನ ಎಂದು ಅವಳಿಗೆ ಬಿಡಿಸಿ ಹೇಳಿದೆ. ನಾನು ಹದಿನೈದು ವರ್ಷ ಪಾಠ ಮಾಡಿದ್ದರಲ್ಲಿ ಬೇಕಾಗಿದ್ದುದು ಈ ಒಂದೇ ಪದವೆಂಬಂತೆ ಅವಳು ಅದನ್ನು ಎರಡು ಸಲ ಉಚ್ಚರಿಸಿ ನೋಡಿದಳು.

ಇದಾಗಿ ಒಂದು ತಿಂಗಳಿಗೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅದೇ ಮಾಲೀಕರ ಫೋನ್ ಬಂತು. ಹುಡುಗಿಗೆ ಡೆಂಗಿ, ಪ್ರಜ್ಞೆ ತಪ್ಪಿದ್ದಳು, ಆ ಹುಡುಗನೇ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನೆ ಎಂದರು. ನಾನು ತರಗತಿ ಬಿಟ್ಟು ಯಲಹಂಕಕ್ಕೆ ಓಡಿದೆ. ಅವನು ಕೌಂಟರ್ ಮುಂದೆ ಫಾರಂ ಹಿಡಿದು ನಿಂತಿದ್ದ. ರೋಗಿಗೂ ನಿಮಗೂ ಇರುವ ಸಂಬಂಧ ಎಂಬಲ್ಲಿ 'ನೆರೆಯವನು' ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಕೌಂಟರಿನ ಹೆಣ್ಣುಮಗಳು ಒಪ್ಪುತ್ತಿರಲಿಲ್ಲ.

"ನೈಬರ್ ಸೈನ್ ಮಾಡಂಗಿಲ್ಲಪ್ಪ. ಬ್ಲಡ್ ರಿಲೇಶನ್ ಯಾರೂ ಇಲ್ವಾ?"

ಅವನು ಫಾರಂ ಕೌಂಟರಿನ ಮೇಲಿಟ್ಟ. ಆಮೇಲೆ ತನಗೆ ಬರುವಷ್ಟು ಕನ್ನಡದಲ್ಲಿ, "ಬ್ಲಡ್ ಇದೆ. ತುಂಬಾ ಇದೆ," ಎಂದ.

ಕೌಂಟರಿನವಳಿಗೆ ಅರ್ಥವಾಗಲಿಲ್ಲ. ನಾನು ಸ್ಥಳೀಯ ಪೋಷಕಿ ಎಂದು ಬರೆದು ಸಹಿ ಹಾಕಿದೆ. ಮೂರು ದಿನ ಅವನು ವಾರ್ಡಿನ ಹೊರಗಿನ ಕುರ್ಚಿಯಲ್ಲಿ ಕೂತು ಎಳನೀರು, ಗಂಜಿ ಒಳಗೆ ಕಳಿಸುತ್ತಿದ್ದ, ತಾನು ಮಾತ್ರ ಒಳಗೆ ಹೋಗಲಿಲ್ಲ. ಯಾಕೆಂದು ಕೇಳಿದೆ.

"ಅವಳು ಕರೆದಿಲ್ಲ ಮೇಡಂ," ಎಂದ. "ಕರೆಯದೆ ಒಳಗೆ ಹೋದವರು ನಾವು. ಒಂದು ಸಲ ಸಾಕು."

ನಾಲ್ಕನೆಯ ದಿನ ಅವಳು ಕರೆದಳು. ಒಳಗೆ ಏನು ಮಾತಾಡಿದರೋ ನನಗೆ ತಿಳಿಯದು. ಹೊರಗೆ ಬಂದಾಗ ಅವನ ಕೈಯಲ್ಲಿ ಅವಳು ತಿಂದು ಉಳಿಸಿದ ಅರ್ಧ ಸೇಬು ಇತ್ತು, ಅದನ್ನು ತಿನ್ನುತ್ತ ಬಸ್ ಸ್ಟಾಪಿನ ಕಡೆ ನಡೆದ.