ಕೂರಲಾರದ ಬಸುರಿಗೊಂದು ಸೀಟು

ನಮ್ಮ ಹಿರೇಕೆರೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲ ಮಾತು "ಬರ್ರಿ, ಕುಂದರ್ರಿ". ನೀರು, ಚಹಾ, ಊಟ, ಜಗಳ ಎಲ್ಲವೂ ಆಮೇಲೆ. ಬಸುರಿಯಾದರಂತೂ ಕೇಳಲೇಬೇಡಿ, ಕಿರಾಣಿ ಅಂಗಡಿಯವನೂ ಒಳಗಿನಿಂದ ಸ್ಟೂಲು ತಂದು ಹಾಕುತ್ತಾನೆ. ಇಂಥ ಊರಿನಲ್ಲಿ, ಆರು ತಿಂಗಳು ತುಂಬುವ ಹೊತ್ತಿಗೆ, ಕೂರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಬಲ್ಲ ಬಸುರಿ ನಾನಾದೆ.

ನೋವು ಶುರುವಾಗುತ್ತಿದ್ದದ್ದು ಬಲಗಡೆಯ ಕುಂಡಿಯಲ್ಲಿ. ಇದಕ್ಕೊಂದು ಮರ್ಯಾದಸ್ಥ ಪದ ಹುಡುಕಿ ಸೋತಿದ್ದೇನೆ. ಅಲ್ಲಿಂದ ತೊಡೆಯ ಹಿಂದೆ ಇಳಿದು ಹಿಮ್ಮಡಿಯವರೆಗೂ ಕರೆಂಟು ಹೊಡೆದ ಹಾಗೆ ಹೋಗುತ್ತಿತ್ತು. ಡಾಕ್ಟರಮ್ಮ ಅದನ್ನು ಸಯಾಟಿಕಾ ಎಂದರು. ಸೊಂಟದಿಂದ ಕಾಲಿಗಿಳಿಯುವ ದೊಡ್ಡ ನರ ಒತ್ತಿಕೊಂಡಿದೆ, ಸಾಮಾನ್ಯವಾಗಿ ಹೆರಿಗೆಯಾದ ಮೇಲೆ ಹೋಗುತ್ತದೆ, ಅಲ್ಲಿಯತನಕ ಬಹಳ ಹೊತ್ತು ಕೂರಬೇಡಿ, ಎಡಮಗ್ಗುಲಾಗಿ ಮೊಣಕಾಲ ನಡುವೆ ದಿಂಬಿಟ್ಟು ಮಲಗಿ ಎಂದರು. ಸವಣೂರಿನಲ್ಲಿರುವ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ವರದಿ ಮಾಡಿದೆ.

"ಕುಂದರಬ್ಯಾಡ ಅಂದ್ರ ಅಕಿ ಎಂಥಾ ಡಾಕ್ಟರ? ಬಸರಿನ್ನ ಯಾರರ ನಿಂದ್ರಸ್ತಾರೇನು?" ಎಂದು ಅವ್ವ ನನ್ನನ್ನೇ ಬೈದಳು. ಗಂಡನ ತಕರಾರು ಬೇರೆಯದು. ಮನೆಯ ಮೂರೂ ದಿಂಬುಗಳು ನನ್ನ ಕಾಲಿನ ಸೇವೆಗೆ ಸೇರಿಕೊಂಡಿದ್ದರಿಂದ ಅವರು ಟವೆಲ್ ಸುತ್ತಿ ತಲೆಗಿಟ್ಟುಕೊಳ್ಳುತ್ತಿದ್ದರು.

ನಾನು ಮಾಸೂರಿನ ಕಡೆಯ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಟೀಚರು, ಜನರ ಬಾಯಲ್ಲಿ ಅಕ್ಕೋರು. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದಮೇಲೆ ಬೆಳಗಿನ ಬಸ್ಸಿನಲ್ಲಿ ಹೊಲದ ಕೆಲಸಕ್ಕೆ ಹೋಗುವವರದೇ ರಾಜ್ಯ. ಬುತ್ತಿ ಗಂಟು, ಕಸ ತೆಗೆಯುವ ಕುರ್ಪಿ, ಮನೆಯ ಸುದ್ದಿ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾರೆ. ಕಂಬ ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ ನಿಂತರೆ ನನ್ನ ನರ ಸುಮ್ಮನಿರುತ್ತಿತ್ತು. ಆದರೆ ಬಸ್ಸಿನವರು ಸುಮ್ಮನಿರಬೇಕಲ್ಲ.

ಬಾಗಿಲ ಹತ್ತಿರ ದಿನಾ ಕೂರುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನ ಹೊಟ್ಟೆ ನೋಡಿದ್ದೇ ಎದ್ದು ನಿಂತಳು. "ಅಕ್ಕೋರ, ಬರ್ರಿ, ಇಲ್ಲಿ ಕುಂದರ್ರಿ."

"ಬ್ಯಾಡ ಯವ್ವಾ, ನಿಂತ್ರ ಆರಾಮ ಅನಸ್ತೈತಿ" ಎಂದು ನಕ್ಕೆ.

ಮರುದಿನ ಅವಳು ತನ್ನ ಸೆರಗಿನಿಂದ ಸೀಟು ಒರೆಸಿ ಕರೆದಳು. ನನ್ನದು ಅದೇ ಮಾತು, ಅದೇ ನಗು. ಮೂರನೆಯ ದಿನ ಅವಳು ಏಳಲಿಲ್ಲ. ಪಕ್ಕದವಳು ಏಳಲು ಹೋದರೆ ಅವಳ ಕೈ ಹಿಡಿದು ಕೂರಿಸಿ, ನನಗೆ ಕೇಳಲಿ ಎಂದೇ, "ಸುಮ್ನ ಕುಂದ್ರವಾ. ನಾವು ಕುಂತ ಸೀಟು ಅವರಿಗೆ ನಡಿಯೂದಿಲ್ಲ" ಎಂದಳು.

ನನ್ನ ನರಕ್ಕೆ ಜಾತಿಯಿಲ್ಲ, ಯಾರು ಕೂತೆದ್ದ ಸೀಟಿನ ಮೇಲೂ ಅದು ಒಂದೇ ಸಮ ಚುಚ್ಚುತ್ತದೆ ಎಂದು ಇಡೀ ಬಸ್ಸಿಗೆ ಕೂಗಿ ಹೇಳೋಣ ಎನಿಸಿತು. ಆದರೆ ಹೊಲದ ಕೆಲಸಕ್ಕೆ ಬಂದವರಿಗೆಂದು ನಮ್ಮ ತವರಿನ ಹಿತ್ತಲ ಕಿಟಕಿಯಲ್ಲಿ ಬೇರೆ ಲೋಟಗಳು ಇರುತ್ತಿದ್ದುದನ್ನು ನೋಡುತ್ತಲೇ ಬೆಳೆದವಳು ನಾನು. ನನ್ನಂಥವರ ಬಗ್ಗೆ ಅವಳ ಅಂದಾಜು ಸುಳ್ಳಲ್ಲ, ಈ ಒಂದು ಸಲ ಮಾತ್ರ ತಪ್ಪಿತ್ತು. ಅದನ್ನು ಹೇಗೆ ತಿಳಿಸುವುದು ಎಂದು ಆ ದಿನವೆಲ್ಲ ಪಾಠದ ನಡುವೆಯೂ ಯೋಚಿಸಿದೆ. ನನಗೆ ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು.

ನಾಲ್ಕನೆಯ ದಿನ ಬಸ್ಸು ಹತ್ತಿ, "ಯವ್ವಾ, ಚೂರು ಸರಿ" ಎಂದು ಅವಳ ಪಕ್ಕದಲ್ಲೇ ಕೂತುಬಿಟ್ಟೆ. ಅವಳು ಸರಿದಳೇ ಹೊರತು ಮುಖ ಕಿಟಕಿಗಿತ್ತು. ರಸ್ತೆಯ ಮೊದಲ ಉಬ್ಬಿಗೆ ನರ ಎಚ್ಚರವಾಯಿತು. ಎರಡನೆಯದಕ್ಕೆ ಹಿಮ್ಮಡಿಗೆ ಸುದ್ದಿ ಮುಟ್ಟಿತು. ನಾನು ಮಾತ್ರ ಫೋಟೋಕ್ಕೆ ಕೂತ ಮದುಮಗಳಂತೆ ಹಲ್ಲು ಬಿಟ್ಟುಕೊಂಡೇ ಇದ್ದೆ. ಅರ್ಧ ಗಂಟೆ ಹಾಗೇ ಕೂತೆ. ಅಷ್ಟು ಕಷ್ಟಪಟ್ಟು ನಾನು ಬಿ.ಎಡ್ ಕೂಡ ಮುಗಿಸಿರಲಿಲ್ಲ.

ನನ್ನ ಸ್ಟಾಪು ಬಂತು. ಏಳಲು ಹೋದರೆ ಬಲಗಾಲು ನನ್ನದಲ್ಲ. "ಅಕ್ಕೋರ, ಲಗೂನ ಇಳೀರಿ" ಎಂದು ಕಂಡಕ್ಟರು ಸೀಟಿ ಊದಿದ. ಇನ್ನೊಮ್ಮೆ ಎದ್ದೆ, ಇನ್ನೊಮ್ಮೆ ಕುಸಿದೆ, ಕಣ್ಣಲ್ಲಿ ನೀರು ಬಂತು. ಆಗ ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಒಂದು ಗಳಿಗೆ ನೋಡಿ, ನನ್ನ ಕಂಕುಳಿಗೆ ಕೈಕೊಟ್ಟು ಎತ್ತಿದಳು. "ನೀವು ನಡೀರಿ, ನಾ ನಡಕೊಂತ ಬರ್ತೇನಿ" ಎಂದು ಜೊತೆಯವರಿಗೆ ಹೇಳಿ, ತನ್ನ ಸ್ಟಾಪಲ್ಲದಿದ್ದರೂ ನನ್ನೊಡನೆ ಇಳಿದಳು.

ಬಸ್ ಶೆಲ್ಟರಿನ ಗೋಡೆಗೆ ನನ್ನ ಅಂಗೈ ಊರಿಸಿ ನಿಲ್ಲಿಸಿದಳು. ಎಲ್ಲಿ ನೋವು ಎಂದು ಕೇಳಿ, ಸೀರೆಯ ಮೇಲಿಂದಲೇ ಆ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತತೊಡಗಿದಳು. ನನ್ನ ನಾಲ್ಕನೇ ಕ್ಲಾಸಿನ ಮಕ್ಕಳು "ನಮಸ್ತೇರಿ ಅಕ್ಕೋರ" ಎನ್ನುತ್ತ ಸಾಲಾಗಿ ಹಾದುಹೋದರು. ಗೋಡೆಗೆ ಮುಖ ಮಾಡಿಯೇ ನಮಸ್ತೆ ಎಂದೆ.

"ನರ ಹಿಡಕೊಂಡೈತ್ರಿ. ನನಗೂ ಮೂರನೇದಕ್ಕ ಹಿಂಗ ಆಗಿತ್ತು. ಕಸ ತಗಿಯಾಕ ಕುಂತ್ರ ಏಳಾಕ ಬರ್ತಿದ್ದಿಲ್ಲ" ಎಂದಳು. ಆಮೇಲೆ ಗದರಿದಳು. "ಮೊದಲ ಹೇಳಾಕ ಏನಾಗಿತ್ರಿ ನಿಮಗ?"

"ಹೇಳಿದ್ನಲ್ಲ ಯವ್ವಾ, ನಿಂತ್ರ ಆರಾಮ ಅಂತ."

"ಹಂಗ ಎಲ್ಲಾರೂ ಅಂತಾರ್ರಿ. ನಮ್ಮ ಮನಿ ಬಾಗಲಿಗೆ ಬಂದೋರೂ ಅಂತಾರ, ಈಗ ಚಾ ಕುಡದು ಬಂದೇವಿ ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೈಯೂ ಒತ್ತುವುದನ್ನು ನಿಲ್ಲಿಸಲಿಲ್ಲ.

ಕಾಲು ನೆಲಕ್ಕೆ ಊರುವಂತಾದ ಮೇಲೆ ಅವಳು ಬುತ್ತಿ ಬಿಚ್ಚಿದಳು. ಒಂದು ರೊಟ್ಟಿ ಮುರಿದು, ಅದರ ಮೇಲೆ ಪುಂಡಿಪಲ್ಯ ಇಟ್ಟು, ನನ್ನ ಮುಂದೆ ಹಿಡಿದಳು. ನಾನು ಮನೆಯಲ್ಲಿ ಎರಡು ಪ್ಲೇಟು ಉಪ್ಪಿಟ್ಟು ತಿಂದು ಬಂದಿದ್ದೆ. "ಈಗಷ್ಟ ತಿಂದು ಬಂದೇನಿ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ಅದು ಖರೇನೂ ಆಗಿತ್ತು. ಅದನ್ನು ನುಂಗಿಕೊಂಡು ರೊಟ್ಟಿ ಇಸಿದುಕೊಂಡೆ. ಖಾರಕ್ಕೆ ಮೂಗು ಸೋರಿತು. ಕೊನೆಯ ಚೂರು ಬಾಯಿಗೆ ಹೋಗುವ ತನಕ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

ಆಮೇಲೆ ಬುತ್ತಿಯ ಗಂಟು ಕಟ್ಟಿ, ತಲೆಯ ಮೇಲೆ ಸೆರಗೆಳೆದುಕೊಂಡು, "ನಾಳಿಂದ ನಿಂತ ಬರ್ರಿ, ಅಕ್ಕೋರ" ಎಂದಳು.